ಗೇಮಿನ ತಟ್ಟೆ, ಖಾಲಿ ಡಬ್ಬಿ

ಅಂಗಡಿಯಲ್ಲಿ ಕೂತವರು ನಗು ಹುಡುಕಿಕೊಂಡು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಗಿರಾಕಿಗಳೇ ಗಲ್ಲಾಪೆಟ್ಟಿಗೆಯ ತನಕ ತಂದುಕೊಡುತ್ತಾರೆ. ಅದರಲ್ಲೂ ಮಾರುವವಳಿಗೂ ಅರ್ಥವಾಗದ, ದುಡ್ಡು ಕೊಡುವವನಿಗೂ ಅರ್ಥವಾಗದ ಸಾಮಾನಿನ ಅಂಗಡಿಯಾದರೆ ಕೇಳುವುದೇ ಬೇಡ.

ನಮ್ಮದು ಅಂಥ ಅಂಗಡಿ. ಮುಂಬಯಿ ಹತ್ತಿರದ ಡೊಂಬಿವಲಿ ಈಸ್ಟಿನಲ್ಲಿ, ಸ್ಟೇಷನ್ನಿನಿಂದ ನಡೆದು ಬರುವಷ್ಟು ದೂರ. ನಾನು ಉಡುಪಿ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದಾಗ ನಮ್ಮವರು ಹಾಡಿನ ಕ್ಯಾಸೆಟ್ ಮಾರುತ್ತಿದ್ದರು. ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಹಾಡಿನ ಸಿ.ಡಿ.ಯೂ ಹೋಗಿ ವಿಡಿಯೋ ಗೇಮ್ ಬಂತು. ನಮ್ಮ ಸಂಬಂಧಿಕರಲ್ಲಿ ಹೆಚ್ಚಿನವರು ಹೋಟೆಲಿನವರು. "ಜನ ದಿನಾ ತಿಂತಾರೆ, ದಿನಾ ಆಡ್ತಾರಾ?" ಎಂದು ಕೇಳುತ್ತಿದ್ದರು. ಆಡುತ್ತಿದ್ದರು. ತಿನ್ನುವುದನ್ನು ಬಿಟ್ಟು ಆಡುತ್ತಿದ್ದರು.

ನಾನು ಮಾತ್ರ ಇವತ್ತಿನ ತನಕ ಒಂದು ಗೇಮೂ ಆಡಿದವಳಲ್ಲ. ಡಬ್ಬಿಯ ಮೇಲಿನ ಚಿತ್ರ ನೋಡಿ ಇದು ಕಾರಿನದು, ಇದು ಕ್ರಿಕೆಟಿನದು, ಇದು ಹೊಡೆದಾಟದ್ದು ಎಂದು ಗುರುತು ಹಿಡಿಯುತ್ತಿದ್ದೆ. ಹೊಡೆದಾಟದ್ದರಲ್ಲೂ ಅಂಗಿ ಹಾಕಿಕೊಂಡವನದು, ಅಂಗಿ ಹಾಕದವನದು ಎಂದು ಎರಡು ಅಟ್ಟಣಿಗೆ ಮಾಡಿದ್ದೆ. ಹುಡುಕುವುದು ಸುಲಭವಾಗುತ್ತಿತ್ತು.

ವಡೆಯ ಲೆಕ್ಕ

ಒಂದು ಬೆಳಿಗ್ಗೆ ವಿಠ್ಠಲವಾಡಿಯಿಂದ ಒಬ್ಬ ಹೋಟೆಲ್ ಮಾಲೀಕರು ಬಂದರು. ಕುಂದಾಪುರ ಕಡೆಯವರು. ಮಗ ಹತ್ತನೆಯದರಲ್ಲಿ ಒಳ್ಳೆ ಮಾರ್ಕು ತೆಗೆದಿದ್ದ. ಕೇಳಿದ್ದು ಕೊಡಿಸುತ್ತೇನೆ ಎಂದು ಇವರು ಮೊದಲೇ ಮಾತು ಕೊಟ್ಟಿದ್ದರು, ಅವನು ಗೇಮ್ ಕೇಳಿದ್ದ.

ನಾನು ಡಬ್ಬಿ ಕೊಟ್ಟು ಬೆಲೆ ಹೇಳಿದೆ. ಅವರು ಡಬ್ಬಿಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು.

"ತಂಗಿ, ಇದನ್ನೊಮ್ಮೆ ಬಿಚ್ಚಿ ತೋರಿಸು."

ಬಿಚ್ಚಿದೆ. ಒಳಗೆ ಒಂದು ತೆಳ್ಳಗಿನ ಡಿಸ್ಕ್. ಅವರು ಅದನ್ನು ಎತ್ತಿ ಬೆಳಕಿಗೆ ಹಿಡಿದರು. ಹಿಂದೆ ನೋಡಿದರು, ಮುಂದೆ ನೋಡಿದರು. ಆಮೇಲೆ ಡಬ್ಬಿಯನ್ನು ತಲೆಕೆಳಗೆ ಮಾಡಿ ಕೊಡವಿದರು.

"ಇಷ್ಟೇಯಾ?"

"ಇಷ್ಟೇ ಅಣ್ಣ."

"ಎರಡು ಸಾವಿರಕ್ಕೆ ಒಂದು ತಟ್ಟೆ. ಅದೂ ನಡುವಲ್ಲಿ ತೂತು."

"ಎಲ್ಲದಕ್ಕೂ ತೂತು ಇರ್ತದೆ ಅಣ್ಣ. ಅದು ಹಾಗೇ ಬರೋದು."

ಅವರು ದುಡ್ಡು ತೆಗೆದುಕೊಟ್ಟರು. ಮಾತಿಗೆ ತಪ್ಪುವವರಲ್ಲ. ಮೆಟ್ಟಿಲು ಇಳಿಯುವಾಗ ಮಾತ್ರ ಒಮ್ಮೆ ತಿರುಗಿ ನಿಂತರು.

"ನಮ್ಮ ವಡೆಗೂ ತೂತು ಉಂಟು ತಂಗಿ. ಆದರೆ ನಾನು ಈವತ್ತಿನವರೆಗೆ ತೂತಿಗೆ ಬಿಲ್ ಮಾಡಿದವನಲ್ಲ."

ಅಜ್ಜಿ ತೊಳೆದದ್ದು

ಹೊಸ ಗೇಮಿನ ಬೆಲೆ ಏರುತ್ತಾ ಹೋದ ಹಾಗೆ ನಾವು ಹಳೆಯದನ್ನು ತೆಗೆದುಕೊಂಡು ಹೊಸದಕ್ಕೆ ರಿಯಾಯಿತಿ ಕೊಡಲು ಶುರುಮಾಡಿದೆವು. ಗೀರು ಇರಬಾರದು, ಅಷ್ಟೇ ಷರತ್ತು. ಡಿಸ್ಕ್ ಎಷ್ಟು ಶುಭ್ರವಾಗಿದೆಯೋ ಅಷ್ಟು ಬೆಲೆ ಎಂದು ಅಂಗಡಿಯ ಬಾಗಿಲಲ್ಲಿ ಬೋರ್ಡೂ ಹಾಕಿದ್ದರು ನಮ್ಮವರು.

ಆ ಬೋರ್ಡನ್ನು ಎದುರಿನ ಹೌಸಿಂಗ್ ಸೊಸೈಟಿಯ ಮರಾಠಿ ಅಜ್ಜಿಯೊಬ್ಬರು ಓದಿಕೊಂಡರು. ಎರಡು ದಿನ ಬಿಟ್ಟು ಬಂದರು. ಕೈಯಲ್ಲಿ ಸ್ಟೀಲ್ ಡಬ್ಬಿ, ಅದರೊಳಗೆ ಹಳೇ ನೌವಾರಿ ಸೀರೆಯ ತುಂಡಿನಲ್ಲಿ ಸುತ್ತಿದ ಮೊಮ್ಮಗನ ಡಿಸ್ಕ್. ಬಟ್ಟೆ ಬಿಡಿಸಿದರೆ ಕಣ್ಣು ಕುಕ್ಕುವ ಹೊಳಪು.

"ಮೊಮ್ಮಗನ ಕೈಯೆಲ್ಲ ಎಣ್ಣೆ, ಸೂನಬಾಯಿ. ಬರೀ ಬೆರಳಿನ ಗುರುತು," ಎಂದರು. ನಾನು ಆ ಬೀದಿಯ ಸೊಸೆಯಾದ್ದರಿಂದ ಎಲ್ಲ ಅಜ್ಜಿಯರಿಗೂ ಸೂನಬಾಯಿಯೇ. "ನಾರು ಹಾಕಿ ತಿಕ್ಕಿದೆ. ಮೊದಲು ಪಾತ್ರೆ ಪುಡಿ, ಆಮೇಲೆ ಹುಣಸೆಹುಳಿ."

ನಾನು ಅದನ್ನು ತಿರುಗಿಸಿದೆ. ಆ ಕಡೆಯೂ ಖಾಲಿ. ಗೇಮಿನ ಹೆಸರಿಲ್ಲ, ಚಿತ್ರವಿಲ್ಲ, ಏನೂ ಇಲ್ಲ.

"ಅಜ್ಜಿ, ಈ ಕಡೆ ಒಂದು ಚಿತ್ರ ಇತ್ತಲ್ಲ?"

"ಮೆತ್ತಿಕೊಂಡಿತ್ತು. ಅದು ಹೋಗಲಿಕ್ಕೇ ತುಂಬಾ ಹೊತ್ತಾಯಿತು."

ಇದು ಇನ್ನು ಓಡುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಆ ವಯಸ್ಸಿನಲ್ಲಿ ಅಷ್ಟು ತಿಕ್ಕಿದ್ದಾರೆ. ಕೊನೆಗೆ ಹೇಗೋ ಹೇಳಿದೆ. ಅಜ್ಜಿ ಬೇಸರ ಮಾಡಿಕೊಳ್ಳಲಿಲ್ಲ. ಹಾಗೇ ಸುತ್ತಿ ತೆಗೆದುಕೊಂಡು ಹೋಗಿ, ದಾರ ಕಟ್ಟಿ ಬಾಲ್ಕನಿಯಲ್ಲಿ ತೂಗುಹಾಕಿದರು. ಬಿಸಿಲಿಗೆ ಅದು ಪಳಪಳ ಹೊಳೆದು ಪಾರಿವಾಳಗಳೆಲ್ಲ ಪಕ್ಕದ ಮನೆಗೆ ಹೋದವು.

ಮುಂದಿನ ವಾರ ಮತ್ತೆ ಬಂದರು.

"ಇನ್ನೊಂದು ಗೇಮ್ ಇದ್ದರೆ ಕೊಡು. ಹಿಂದಿನ ಕಿಟಕಿಗೂ ಬೇಕು. ಕೊಳೆಯಾದದ್ದಾದರೂ ಅಡ್ಡಿಯಿಲ್ಲ, ನಾನು ತೊಳೆದುಕೊಳ್ಳುತ್ತೇನೆ."

ಮುಕ್ಕಾಲು ಗೇಮ್

ಐರೋಲಿಯ ಒಂದು ಆಫೀಸಿನಲ್ಲಿ ಕೆಲಸ ಮಾಡುವ ನಾಲ್ವರು ಗೆಳೆಯರಿದ್ದರು. ಒಬ್ಬ ನಮ್ಮ ಡೊಂಬಿವಲಿಯವನು, ಒಬ್ಬ ಠಾಣೆಯವನು, ಒಬ್ಬ ಖಾರಘರದವನು, ಇನ್ನೊಬ್ಬ ಐರೋಲಿಯಲ್ಲೇ ಇದ್ದವನು. ಫುಟ್‌ಬಾಲಿನ ಹೊಸ ಗೇಮ್ ಮೂರು ಸಾವಿರ ದಾಟಿದ ವರ್ಷ ಅವರು ನಾಲ್ವರೂ ಸೇರಿ ಒಂದೇ ಡಿಸ್ಕ್ ಕೊಂಡರು. ಒಬ್ಬೊಬ್ಬರಿಗೆ ಒಂದೊಂದು ವಾರ. ಆ ಡಿಸ್ಕ್ ನನಗಿಂತ ಹೆಚ್ಚು ಲೋಕಲ್ ಟ್ರೇನಿನಲ್ಲಿ ಓಡಾಡಿತು.

ಹೀಗಿರುವಾಗ ಡೊಂಬಿವಲಿಯ ಹುಡುಗನಿಗೆ ಮದುವೆಯಾಯಿತು. ಹುಡುಗಿ ಮಂಗಳೂರಿನವಳು, ಚುರುಕು. ಮದುವೆ ಕಳೆದು ಸ್ವಲ್ಪ ದಿನಕ್ಕೆ ಅವಳೊಬ್ಬಳೇ ಅಂಗಡಿಗೆ ಬಂದಳು.

"ಅಕ್ಕ, ನಮ್ಮವರ ಗೆಳೆಯರು ಮದುವೆಗೆ ಉಡುಗೊರೆ ಕೊಟ್ಟಿದ್ದಾರೆ. ಅದನ್ನು ವಾಪಸ್ ತಗೊಳ್ತೀರಾ?"

"ಎಂತ ಉಡುಗೊರೆ?"

"ಮುಕ್ಕಾಲು ಗೇಮ್."

ನನಗೆ ತಿಳಿಯಲಿಲ್ಲ. ಅವಳು ಬಿಡಿಸಿ ಹೇಳಿದಳು. ಆ ಮೂವರೂ ತಮ್ಮ ತಮ್ಮ ಪಾಲು ಬಿಟ್ಟುಕೊಟ್ಟು, ಡಿಸ್ಕಿಗೆ ಬಣ್ಣದ ಕಾಗದ ಸುತ್ತಿ ಸ್ಟೇಜಿನ ಮೇಲೆ ಕೊಟ್ಟಿದ್ದರು. ಮನೆಗೆ ಬಂದು ಅತ್ತೆ ಕೇಳಿದರಂತೆ, "ಮುಕ್ಕಾಲು ಅವರು ಕೊಟ್ಟರೆ ಉಳಿದ ಕಾಲು ಯಾರದ್ದು?" ಮದುಮಗ, "ಅದು ಮೊದಲಿಂದಲೂ ನನ್ನದೇ," ಎಂದನಂತೆ.

"ಒಳ್ಳೆಯದೇ ಆಯಿತಲ್ಲ, ಇಡೀ ಗೇಮ್ ನಿಮ್ಮದಾಯಿತು," ಎಂದೆ.

"ಅದೇ ಅಲ್ವಾ ಅಕ್ಕ ಕಷ್ಟ. ಮೊದಲು ತಿಂಗಳಿಗೆ ಒಂದು ವಾರ ಆಡ್ತಿದ್ದರು, ಈಗ ತಿಂಗಳಿಡೀ ಆಡ್ತಾರೆ. ನೀವು ತಗೊಳ್ಳದಿದ್ದರೂ ಅಡ್ಡಿಯಿಲ್ಲ. ಆ ಮೂವರನ್ನೂ ಭಾನುವಾರ ಊಟಕ್ಕೆ ಕರೆದಿದ್ದೇನೆ. ಹೋಗುವಾಗ ಎಲೆ ಅಡಿಕೆ ಜೊತೆ ಅದನ್ನೂ ಕೊಟ್ಟು ಕಳಿಸ್ತೇನೆ."

ಹವಾಲ್ದಾರರ ತನಿಖೆ

ಆಮೇಲೆ ಡಿಸ್ಕೇ ಇಲ್ಲದ ಡಬ್ಬಿ ಬರತೊಡಗಿತು. ಒಳಗೆ ಒಂದು ಚೀಟಿ, ಚೀಟಿಯಲ್ಲಿ ಒಂದಿಷ್ಟು ಅಕ್ಷರ ಮತ್ತು ಅಂಕಿ. ಅದನ್ನು ಆಡುವ ಮೆಷಿನ್ನಿನಲ್ಲಿ ಒತ್ತಿದರೆ ಗೇಮ್ ಇಂಟರ್ನೆಟ್ಟಿನಿಂದ ತಾನಾಗಿ ಇಳಿಯುತ್ತದೆ. ಬೆಲೆಯಾದರೂ ಇಳಿದಿದೆಯೋ ಎಂದರೆ ಅದಿಲ್ಲ.

ಕಲ್ಯಾಣದ ಒಬ್ಬರು ಕಾಲೇಜಿಗೆ ಹೋಗುವ ಮಗಳಿಗೆಂದು ಇಂಥದ್ದೊಂದು ಕೊಂಡರು. ಚೀಟಿ ಇರುತ್ತದೆ ಎಂದು ನಾನು ಹೇಳಿದ್ದೆ. ಅವರು ಅದನ್ನು ಗ್ಯಾರಂಟಿ ಕಾರ್ಡ್ ಎಂದುಕೊಂಡಿದ್ದರು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಡಬ್ಬಿ ತೆರೆದಿದ್ದಾರೆ. ಆ ಚೀಟಿ ಬಿಟ್ಟರೆ ಒಳಗೆ ಏನೂ ಇಲ್ಲ. ಅಲ್ಲೇ ಡ್ಯೂಟಿಯಲ್ಲಿದ್ದ ಹವಾಲ್ದಾರರನ್ನು ಕರೆದುಕೊಂಡು ನೇರ ನನ್ನ ಅಂಗಡಿಗೆ ಬಂದರು.

ಹವಾಲ್ದಾರರು ನಿಧಾನದ ಮನುಷ್ಯ. ಸ್ಟೂಲಿನ ಮೇಲೆ ಕೂತು, ಕಿವಿಯಲ್ಲಿ ಏನೋ ತಿರುಗಿಸಿಕೊಳ್ಳುತ್ತಾ ತನಿಖೆ ಶುರುಮಾಡಿದರು.

"ಬಾಯಿ, ಇದರೊಳಗಿನ ಮಾಲು ಎಲ್ಲಿ?"

"ಮಾಲು ಇರುವುದಿಲ್ಲ ಸಾಹೇಬ್. ಕಂಪನಿಯಿಂದಲೇ ಖಾಲಿ ಬರುತ್ತದೆ."

"ಕಂಪನಿ ಖಾಲಿ ಡಬ್ಬಿ ಕಳಿಸುತ್ತದೆ."

"ಹೌದು."

"ನೀವು ಮಾರುತ್ತೀರಿ."

"ಹೌದು."

"ಜನ ತೆಗೆದುಕೊಳ್ಳುತ್ತಾರೆ."

"ಇವರನ್ನು ಬಿಟ್ಟು ಎಲ್ಲರೂ ಸಂತೋಷದಿಂದಲೇ ತೆಗೆದುಕೊಂಡಿದ್ದಾರೆ."

ಅಷ್ಟರಲ್ಲಿ ಆ ತಂದೆ ಮಗಳಿಗೆ ಫೋನ್ ಮಾಡಿದರು. ಮಗಳು ಹೇಳಿದ್ದು ನಮಗೂ ಕೇಳಿಸಿತು. "ಪಪ್ಪಾ, ಗೇಮ್ ಅಂದರೆ ಆ ಚೀಟಿಯೇ. ಚೀಟಿ ಎಲ್ಲಿದೆ?"

ತಂದೆಯ ಮುಖ ಬೆಳ್ಳಗಾಯಿತು. "ಒಂದು ಕಾಗದ ಇತ್ತು. ಬೆಂಚಿನ ಮೇಲೇ ಬಿಟ್ಟೆ."

ಕಿವಿಯಲ್ಲಿ ತಿರುಗುತ್ತಿದ್ದದ್ದು ನಿಂತಿತು. ಹವಾಲ್ದಾರರು ಸುರುಳಿ ಸುತ್ತಿದ ಆ ಕಾಗದವನ್ನು ಹೊರಗೆ ತೆಗೆದು, ಪ್ಯಾಂಟಿಗೆ ಒರೆಸಿ, ಬಿಡಿಸಿ ನೋಡಿದರು. ಅಂಕಿಗಳು ಸರಿಯಾಗಿಯೇ ಕಾಣುತ್ತಿದ್ದವು. ಮರ್ಯಾದೆಯಿಂದ ಎರಡೂ ಕೈಯಲ್ಲಿ ಹಿಡಿದು ತಂದೆಗೆ ಕೊಟ್ಟರು.

ತಂದೆ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋದ ಮೇಲೆ ಹವಾಲ್ದಾರರು ಸ್ವಲ್ಪ ಹೊತ್ತು ಖಾಲಿ ಡಬ್ಬಿಗಳ ಸಾಲನ್ನು ನೋಡುತ್ತಾ ಕೂತರು.

"ನನ್ನ ಸರ್ವೀಸಿನಲ್ಲಿ ಖಾಲಿ ಡಬ್ಬಿ ಮಾರಿದವರನ್ನು ಎಷ್ಟೋ ಸಲ ಹಿಡಿದಿದ್ದೇನೆ ಬಾಯಿ. ಪಾಪ, ಅವರಿಗೆ ಒಳಗೊಂದು ಚೀಟಿ ಇಡಬೇಕು ಎನ್ನುವುದು ತಿಳಿದಿರಲಿಲ್ಲ."

ಆಕಾರ ಇಲ್ಲದ್ದು

ಚೀಟಿಯ ಡಬ್ಬಿಗೂ ಕೆಲಸವಿಲ್ಲದ ಕಾಲ ಬೇಗನೆ ಬಂತು. ಮನೆಯಲ್ಲೇ ಕಾರ್ಡಿನ ನಂಬರು ಹಾಕಿದರೆ ಮುಗಿಯಿತು. ಒಂದು ವರ್ಷ ಅಂಗಡಿ ಮುಚ್ಚುವ ಮಾತೂ ಬಂದಿತ್ತು. ನಮ್ಮವರು ರಾತ್ರಿ ಅನ್ನ ಕಲಸಿಕೊಂಡು ಸುಮ್ಮನೆ ಕೂತುಬಿಡುತ್ತಿದ್ದರು. ಆಮೇಲೆ ಮೊಬೈಲ್ ಕವರು, ಚಾರ್ಜರು, ನೋಟ್‌ಬುಕ್ಕು, ಪೆನ್ನು ಇಟ್ಟೆವು. ಗೇಮಿಗೆ ಒಂದು ಅಟ್ಟಣಿಗೆ ಉಳಿಯಿತು. ಸಂಸಾರ ನಡೆಯಿತು, ಚೆನ್ನಾಗಿಯೇ ನಡೆಯಿತು.

ಆಗ ನಮ್ಮ ಸೊಸೈಟಿಯಲ್ಲಿ ಒಂದು ಕನ್ನಡದ ಕುಟುಂಬವಿತ್ತು. ಗಂಡ, ಹೆಂಡತಿ, ಹನ್ನೆರಡನೆಯ ಕ್ಲಾಸಿನ ಮಗ. ಈಗ ಆ ಹುಡುಗ ಪಾಸಾಗಿ ಕೆಲಸಕ್ಕೂ ಸೇರಿದ್ದಾನೆ, ಹಾಗಾಗಿ ಹೇಳಿದರೆ ತೊಂದರೆಯಿಲ್ಲ. ಕಾಲೇಜು ಶುರುವಾದ ಕೂಡಲೇ ತಾಯಿ ಮನೆಯ ಗೇಮ್ ಡಿಸ್ಕುಗಳನ್ನೆಲ್ಲ ಒಂದು ಬಟ್ಟೆಚೀಲಕ್ಕೆ ತುಂಬಿ ನನ್ನ ಅಂಗಡಿಗೆ ತಂದರು.

"ಪರೀಕ್ಷೆ ಮುಗಿಯುವ ತನಕ ಇಲ್ಲಿರಲಿ. ನಾನು ಬಂದು ಕೇಳಿದರೆ ಮಾತ್ರ ಕೊಡಿ. ಬೇರೆ ಯಾರು ಬಂದರೂ ಇಲ್ಲ ಅನ್ನಿ."

ಚೀಲವನ್ನು ಒಳಗಿನ ಕೋಣೆಯಲ್ಲಿ, ಹಳೇ ಡಿಸ್ಕ್ ಓಡಿಸಿ ನೋಡುವ ಟಿ.ವಿ. ಪಕ್ಕದಲ್ಲಿಟ್ಟೆ. ಮಗ ಬರುತ್ತಾನೆ ಎಂದು ಕಾದೆ. ಬಂದದ್ದು ಅಪ್ಪ.

"ಮೆಷಿನ್ ಸುಮ್ಮನೆ ಇಟ್ಟರೆ ಹಾಳಾಗ್ತದೆ ಅಂತಾರೆ. ಆ ಕ್ರಿಕೆಟಿನದು ಒಂದು ಕೊಟ್ಟರೆ ಓಡಿಸಿ ನೋಡ್ತಿದ್ದೆ."

"ನಿಮ್ಮ ಮನೆಯವರ ಆರ್ಡರ್ ಉಂಟು, ಕೊಡ್ಲಿಕ್ಕಾಗೋದಿಲ್ಲ," ಎಂದೆ.

ಇನ್ನೊಂದು ಸಲ ಬಂದಾಗ, "ಮಗನಿಗೆ ಓದಿ ಓದಿ ತಲೆ ಬಿಸಿಯಾಗಿದೆ," ಎಂದರು.

"ಮಗ ನಿನ್ನೆ ಬಂದು ಪೆನ್ನು ತಗೊಂಡು ಹೋದ. ತಲೆ ತಣ್ಣಗೇ ಇತ್ತಲ್ಲ."

ಆಮೇಲೆ ಅವರು ಬರಲಿಲ್ಲ. ಪಾಪ, ಸೋಲೊಪ್ಪಿಕೊಂಡರು ಎಂದುಕೊಂಡೆ.

ಒಂದು ಮಧ್ಯಾಹ್ನ ತಾಯಿ ಮತ್ತು ಮಗ ಗ್ರಾಫ್ ಪೇಪರಿಗೆ ಬಂದರು. ತಾಯಿಗೆ ಬಹಳ ಸಂತೋಷ.

"ಚೀಲ ಇಲ್ಲಿಟ್ಟ ಮೇಲೆ ನಮ್ಮ ಮನೆ ದೇವಸ್ಥಾನದ ಹಾಗೆ ಆಗಿದೆ. ಇವನು ಓದ್ತಾನೆ. ಇವನಪ್ಪನೂ ರಜೆಯ ದಿನ ಬಾಗಿಲು ಹಾಕಿಕೊಂಡು ಧ್ಯಾನ ಮಾಡ್ತಾರೆ."

ಅಷ್ಟರಲ್ಲಿ ಅವರ ಫೋನಿಗೆ ಬ್ಯಾಂಕಿನ ಮೆಸೇಜ್ ಬಂತು. ಕನ್ನಡಕ ತಂದಿರಲಿಲ್ಲ, ಮಗನಿಗೆ ಕೊಟ್ಟರು. ಅವನು ಓದಿದ. ಗೇಮ್ ಸ್ಟೋರಿಗೆ ಮೂರು ಸಾವಿರ ಚಿಲ್ಲರೆ. ತಾಯಿ ಮಗನ ಮುಖವನ್ನೇ ದಿಟ್ಟಿಸಿದರು.

"ಮಮ್ಮಿ, ಮೈ ತೋ ಇಧರ್ ಖಡಾ ಹೂಂ," ಎಂದ ಅವನು, ತಾನು ಇಲ್ಲೇ ನಿಂತಿದ್ದೇನಲ್ಲ ಎಂದು.

ತಾಯಿ ಗಂಡನಿಗೆ ಫೋನ್ ಹಚ್ಚಿದರು. "ಎಂತ ಮಾಡ್ತಾ ಇದ್ದೀರಿ?"

"ಧ್ಯಾನ."

"ಅದಕ್ಕೆ ಮೂರು ಸಾವಿರ ಯಾಕೆ ಬೇಕಾಯಿತು?"

ಆ ಕಡೆಯಿಂದ ಸಣ್ಣ ಸ್ವರದಲ್ಲಿ ಉತ್ತರ ಬಂತು. "ಇನ್ನೂ ಅರ್ಧವೇ ಡೌನ್‌ಲೋಡ್ ಆದದ್ದು."

ತಾಯಿ ಫೋನ್ ಇಟ್ಟು ನನ್ನ ಕಡೆ ತಿರುಗಿದರು. ಸಿಟ್ಟಿತ್ತು, ಆದರೆ ತುಟಿಯ ಕೊನೆಯಲ್ಲಿ ನಗುವೂ ಇತ್ತು.

"ಹೀಗೆ ಇಳಿಸಿಕೊಂಡದ್ದನ್ನೂ ನಿಮ್ಮಲ್ಲಿ ತಂದಿಡ್ಲಿಕ್ಕೆ ಆಗ್ತದಾ?"

"ಆಗೋದಿಲ್ಲ. ಅದಕ್ಕೆ ಆಕಾರವೇ ಇಲ್ಲ."

"ಹಾಗಾದರೆ ಇವರನ್ನೇ ತಂದಿಡ್ತೇನೆ. ಇವರಿಗೆ ಆಕಾರ ಉಂಟು. ಪರೀಕ್ಷೆ ಮುಗಿಯುವ ತನಕ ಇಟ್ಟುಕೊಳ್ಳಿ."

ನಾನು ಉತ್ತರ ಕೊಡುವ ಮೊದಲೇ ಒಳಗಿನ ಕೋಣೆಯಿಂದ ಸಾವಿರಾರು ಜನ ಒಟ್ಟಿಗೆ ಚಪ್ಪಾಳೆ ತಟ್ಟಿದ ಸದ್ದು ಬಂತು. ಎದ್ದು ಹೋಗಿ ಪರದೆ ಸರಿಸಿದೆ. ನಮ್ಮವರು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದರು. ಪಕ್ಕದಲ್ಲಿ ಆ ಬಟ್ಟೆಚೀಲ ಬಾಯಿ ತೆರೆದುಕೊಂಡಿತ್ತು.

ತಲೆ ತಿರುಗಿಸದೆಯೇ ಅವರು ಹೇಳಿದರು, "ಎರಡೇ ಓವರ್ ಉಂಟು. ಗಿರಾಕಿ ಇದ್ದರೆ ಸ್ವಲ್ಪ ನಿಲ್ಲಲಿಕ್ಕೆ ಹೇಳು."

ತಾಯಿ ನನ್ನ ಭುಜದ ಮೇಲಿಂದ ಇಣುಕಿ ನೋಡಿದರು. ಆಮೇಲೆ ನನ್ನನ್ನು ಸಮಾಧಾನ ಮಾಡುವವರ ಹಾಗೆ ಬೆನ್ನು ತಟ್ಟಿ ಹೇಳಿದರು.

"ನಿಮಗೆ ಜಾಗ ಸಾಲದು ಬಿಡಿ. ಇಲ್ಲಿ ಮೊದಲೇ ಯಾರೋ ಒಬ್ಬರನ್ನು ತಂದಿಟ್ಟು ಹೋಗಿದ್ದಾರೆ."