ಅತ್ತೆಗೆ ಬೆಂಕಿ ತೋರಿಸಿದ ಪ್ರವಾಸ

ನಮ್ಮ ಮನೆಯವರು ನಾಲ್ಕು ಜನ ಸೇರಿ ಎಲ್ಲಿಗೆ ಹೊರಟರೂ ಏನೂ ಆಗದೆ ವಾಪಸ್ ಬಂದಿದ್ದು ನನಗಂತೂ ನೆನಪಿಲ್ಲ. ಅಮೆರಿಕದ ಪೇರ್ಲ್ಯಾಂಡ್‌ನ ನಮ್ಮ ಮನೆಯಿಂದ ಪಕ್ಕದ ದೇವಸ್ಥಾನಕ್ಕೆ ಹೋಗಿ ಬರೋದರಲ್ಲೇ ಒಬ್ಬರ ಚಪ್ಪಲಿ ಇನ್ನೊಬ್ಬರ ಕಾಲಲ್ಲಿರುತ್ತೆ. ಅಂಥದ್ದರಲ್ಲಿ ಹವಾಯಿಗೆ ಹೋಗಿ ಹಡಗು ಹತ್ತಿದರೆ ಕೇಳಬೇಕೆ? ಆ ಪ್ರವಾಸ ಹಾಳಾಗಿದ್ದು ನನ್ನಿಂದಲೇ ಅಂತ ಡಲ್ಲಾಸ್ ಕಡೆ ಇವತ್ತಿಗೂ ಮಾತಿದೆ. ಇರಲಿ ಬಿಡಿ. ನಾನು ಹೇಳೋದನ್ನೂ ಸ್ವಲ್ಪ ಕೇಳಿ.

೧. ಲಿಯಾಂಡರ್ ಪಂಚಾಯ್ತಿ

ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆಗೆ ಅಮೆರಿಕದಲ್ಲಿ ಬೇಕಾಗಿದ್ದು ಒಂದೇ ಒಂದು. ನಯಾಗರ ಬೇಡ, ಮಾಲ್ ಬೇಡ, ಬಾಹ್ಯಾಕಾಶ ಕೇಂದ್ರ ತೋರಿಸ್ತೀವಿ ಅಂದರೆ ಅದೂ ಬೇಡ. ಟಿವಿಯಲ್ಲಿ ಹವಾಯಿಯ ಜ್ವಾಲಾಮುಖಿ ನೋಡಿಬಿಟ್ಟಿದ್ದರು. "ನೆಲದೊಳಗಿಂದ ಬೆಂಕಿ ಹರಿದು ಬರುತ್ತಲ್ಲೇ, ಅದನ್ನ ಒಂದು ಸಲ ಕಣ್ಣಾರೆ ನೋಡಿ ಊರಿಗೆ ಹೋಗ್ತೀನಿ" ಅಂದರು. ತೋರಿಸ್ತೀನಿ ಅತ್ತೆ ಅಂತ ನಾನು ಮಾತು ಕೊಟ್ಟೆ.

ಡಲ್ಲಾಸ್‌ನಲ್ಲಿರುವ ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ, ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗಿನ ಪ್ರವಾಸ ಬುಕ್ ಮಾಡಿದರು. ಅಲ್ಲಿಗೆ ಸರಿಯಾಗಿತ್ತು. ಆಮೇಲೆ ಒಂದೊಂದು ದ್ವೀಪದಲ್ಲಿ ಇಳಿದು ಏನೇನು ನೋಡೋದು ಅಂತ ತೀರ್ಮಾನ ಮಾಡೋಕೆ ಲಿಯಾಂಡರ್‌ನಲ್ಲಿ ನನ್ನ ನಾದಿನಿ ಮನೆಯಲ್ಲಿ ಎಲ್ಲರೂ ಸೇರಿದೆವು. ಹೋಗಿ ಬರೋವರೆಗೆ ಮಕ್ಕಳನ್ನ ನೋಡಿಕೊಳ್ಳೋದು ಅವಳ ಪಾಲಿಗೆ ಬಂದಿತ್ತು.

"ಎಲ್ಲಾ ಕಡೆ ಹಡಗಿನವರ ಟೂರೇ ತಗೊಳ್ಳೋಣ" ಅಂದರು ಭಾವ. "ನಾವು ನಾವೇ ಸುತ್ತೋಕೆ ಹೋಗಿ ಲೇಟಾದರೆ ಬಿಟ್ಟು ಹೊರಟುಬಿಡ್ತಾರೆ. ಅವರ ಬಸ್ಸೇ ಲೇಟಾದರೆ ಬರೋವರೆಗೂ ಕಾಯ್ತಾರೆ."

"ಆ ಬಸ್ಸು ಬೆಂಕಿ ಹತ್ತಿರ ಹೋಗುತ್ತಾ ಭಾವ?"

"ಮೇಲಿಂದ ತೋರಿಸ್ತಾರೆ. ಅಮ್ಮನ ಮಂಡಿಗೆ ಅಷ್ಟು ಸಾಕು."

"ಮಂಡಿಗೆ ಸಾಕು. ಕಣ್ಣಿಗೆ?"

ನಾದಿನಿ ಬೇಗ ಬೇಗ ಎಲ್ಲರ ತಟ್ಟೆಗೂ ಬಜ್ಜಿ ಹಾಕಿದಳು. ನನ್ನ ಗಂಡನ ಮುಖ ನೋಡಿದೆ. ಅವರು ಬಜ್ಜಿ ಬಾಯಲ್ಲಿಟ್ಟುಕೊಂಡು, "ನೀವಿಬ್ಬರೂ ಹೇಗೆ ಹೇಳಿದರೆ ಹಾಗೆ" ಅಂದರು. ಆ ಬಾಯಿಂದ ಬೇರೆ ಮಾತು ಬಂದಿದ್ದು ನಾನು ಕಂಡಿಲ್ಲ.

ಭಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಮ್ಮ, ಆಫೀಸಲ್ಲಿ ಇಷ್ಟು ವರ್ಷದಿಂದ ದೊಡ್ಡ ದೊಡ್ಡ ಪ್ರಾಜೆಕ್ಟ್ ಮ್ಯಾನೇಜ್ ಮಾಡ್ತಾ ಬಂದಿದೀನಿ ನಾನು."

"ಅಷ್ಟೇ ವರ್ಷದಿಂದ ನಾನು ನಿಮ್ಮ ತಮ್ಮನ್ನ ಮ್ಯಾನೇಜ್ ಮಾಡ್ತಾ ಬಂದಿದೀನಿ ಭಾವ" ಅಂದೆ.

೨. ಸ್ಟಿಕ್ಕರ್

ಆದರೂ ಮೊದಲ ದ್ವೀಪದಲ್ಲಿ ಮನೆ ಶಾಂತಿಗೋಸ್ಕರ ಅವರ ಮಾತೇ ನಡೆಯಲಿ ಅಂತ ಸುಮ್ಮನಾದೆ. ಬೆಳಗ್ಗೆ ಹಡಗಿನ ದೊಡ್ಡ ಸಭಾಂಗಣದಲ್ಲಿ ಎಲ್ಲರನ್ನೂ ಕೂರಿಸಿ, ಅಂಗಡಿಯಲ್ಲಿ ಸೇಬಿಗೆ ಅಂಟಿಸ್ತಾರಲ್ಲ ಹಾಗೆ, ಎದೆಗೊಂದು ನಂಬರ್ ಸ್ಟಿಕ್ಕರ್ ಅಂಟಿಸಿದರು. ಅತ್ತೆಯ ಮೈಸೂರು ಕ್ರೇಪ್ ಸೀರೆಗೂ ಅಂಟಿಸಿದರು. ಒಬ್ಬಳು ಹುಡುಗಿ ನಂಬರ್ ಬರೆದ ಹಲಗೆ ಎತ್ತಿ ಹಿಡಿದು ಮುಂದೆ ನಡೆದಳು. ಹಿಂದೆ ನಾವು ಸಾಲಾಗಿ.

ಬಸ್ಸು ಮೊದಲು ಒಂದು ಟೋಪಿ ಅಂಗಡಿ ಮುಂದೆ ನಿಂತಿತು. ಆಮೇಲೆ ಮುತ್ತಿನ ಅಂಗಡಿ. ಆಮೇಲೆ ಅದ್ಯಾವುದೋ ಬೀಜಕ್ಕೆ ಚಾಕಲೇಟ್ ಸವರಿ ಮಾರುವ ಅಂಗಡಿ. ಒಂದೊಂದು ಕಡೆ ಇಳಿಯುವಾಗಲೂ ಅತ್ತೆ, "ಬೆಂಕಿ ಇಲ್ಲಿದೆಯೇನೇ?" ಅಂತ ಕೇಳೋರು. ಇಲ್ಲ ಅತ್ತೆ, ಅದು ಬೇರೆ ದ್ವೀಪ ಅಂತ ಹೇಳಿ ಹೇಳಿ ನನಗೇ ನಾಚಿಕೆಯಾಯಿತು.

ಸಂಜೆ ಭಾವ ಉತ್ಸಾಹದಿಂದ ಕೇಳಿದರು, "ಹೇಗಿತ್ತಮ್ಮ ಟೂರು?"

ಅತ್ತೆ ಸೀರೆಯಿಂದ ಸ್ಟಿಕ್ಕರ್ ಕೀಳುತ್ತಿದ್ದರು. ಅದು ರೇಷ್ಮೆ ಎಳೆಯನ್ನೂ ಎಳೆದುಕೊಂಡೇ ಬಂತು. "ಚೆನ್ನಾಗಿತ್ತು ಕಣೋ" ಅಂದರು. "ಆದರೆ ದೇವರಾಜ ಮಾರ್ಕೆಟ್ಟಿಗೆ ನಾನು ಸ್ಟಿಕ್ಕರ್ ಇಲ್ಲದೇನೇ ಹೋಗಿ ಬರ್ತಿದ್ದೆ."

ಅವತ್ತೇ ಹೇಳಿಬಿಟ್ಟೆ. ಬೆಂಕಿ ಇರೋ ದ್ವೀಪದಲ್ಲಿ ನಾನು ಸ್ಟಿಕ್ಕರ್ ಅಂಟಿಸಿಕೊಳ್ಳಲ್ಲ, ಅತ್ತೆಗೂ ಅಂಟಿಸೋಕೆ ಬಿಡಲ್ಲ, ಬಾಡಿಗೆಗೆ ವ್ಯಾನ್ ತಗೊಂಡು ನಾವೇ ಹೋಗ್ತೀವಿ. "ಹಡಗು ತಪ್ಪಿದರೆ ನನಗೆ ಫೋನ್ ಮಾಡಬೇಡ" ಅಂದರು ಭಾವ. ಮಾಡಲ್ಲ ಅಂದೆ.

೩. ವೇಕೋದಲ್ಲಿ ಅದಲು ಬದಲು

ಇಲ್ಲಿ ನಮ್ಮ ಮನೆಯ ಒಂದು ಅಭ್ಯಾಸ ಹೇಳದಿದ್ದರೆ ಮುಂದಿನದು ಅರ್ಥವಾಗಲ್ಲ. ಎರಡು ಕಾರಲ್ಲಿ ಹೊರಟೆವೋ, ಕಾಫಿಗೆ ನಿಂತ ಕಡೆಯೆಲ್ಲ ಜನ ಈ ಕಾರಿಂದ ಆ ಕಾರಿಗೆ ಬದಲಾಗ್ತಾರೆ. ಯಾರೂ ಯಾರನ್ನೂ ಕೇಳಲ್ಲ. ಮಾತು ಯಾವ ಕಾರಲ್ಲಿ ಚೆನ್ನಾಗಿದೆಯೋ ಆ ಕಾರಿಗೆ ಹತ್ತೋದು, ಅಷ್ಟೇ.

ಒಮ್ಮೆ ಆಸ್ಟಿನ್‌ನಿಂದ ಡಲ್ಲಾಸ್‌ಗೆ ಹೋಗ್ತಿದ್ದೆವು. ಬೆಳಗ್ಗೆ ಭಾವನಿಗೂ ನನ್ನ ಓರಗಿತ್ತಿಗೂ ಏನೋ ಮಾತು ಬಂದು ಮುಖ ಊದಿಸಿಕೊಂಡಿದ್ದರು. ಆಕೆಯನ್ನ ನಾನು ಅಕ್ಕ ಅಂತಲೇ ಕರೆಯೋದು. ದಾರಿ ಮಧ್ಯೆ ವೇಕೋದಲ್ಲಿ ಕಾಫಿಗೆ ನಿಂತಾಗ ಅಕ್ಕ ನನ್ನ ಕಾರಿಗೆ ಬಂದರು. ನನ್ನ ಗಂಡ ಅಣ್ಣನ ಕಾರಿನ ಹಿಂದಿನ ಸೀಟಿನಲ್ಲಿ ಅಕ್ಕನ ಶಾಲು ಹೊದ್ದು ಮಲಗಿದರು.

ಭಾವ ದಾರಿಯುದ್ದಕ್ಕೂ ಡ್ರೈವ್ ಮಾಡ್ತಾ ಹೆಂಡತಿಯನ್ನ ರಮಿಸಿದರಂತೆ. ತಪ್ಪಾಯ್ತು ಅಂದರಂತೆ, ಇನ್ಮೇಲೆ ಹಾಗೆ ಮಾತಾಡಲ್ಲ ಅಂದರಂತೆ. ಹಿಂದಿನಿಂದ ಆಗಾಗ "ಹೂಂ" ಅಂತ ಬರ್ತಿತ್ತಂತೆ. ಮನೆ ಮುಂದೆ ಕಾರು ನಿಂತಾಗ ಶಾಲು ಸರಿಸಿ ಎದ್ದು ಕೂತಿದ್ದು ನನ್ನ ಗಂಡ. "ಪರವಾಗಿಲ್ಲ ಬಿಡಣ್ಣ, ಕ್ಷಮಿಸಿದೀನಿ" ಅಂದರು.

೪. ಹೊಗೆ

ಸರಿ, ಬೆಂಕಿಯ ದ್ವೀಪ ಬಂತು. ಭಾವ, ಅಕ್ಕ ಇಬ್ಬರೂ ಸ್ಟಿಕ್ಕರ್ ಹಚ್ಚಿಕೊಂಡು ಬಸ್ಸಿಗೆ ಹೋದರು. ನಾನು, ನನ್ನ ಗಂಡ, ಅತ್ತೆ ವ್ಯಾನ್ ಹತ್ತಿದೆವು. ಫೋನಿಗೆ ಸಿಗ್ನಲ್ಲೂ ಸಿಗದ ಬೆಟ್ಟದ ಮೇಲೆ ದೊಡ್ಡ ಕುಳಿಯ ಅಂಚಿಗೆ ಹೋಗಿ ನಿಂತರೆ, ಅವರ ಬಸ್ಸೂ ಅಲ್ಲೇ ನಿಂತಿದೆ. ಭಾವ ಕ್ಯಾಮ್‌ಕಾರ್ಡರ್ ಕಣ್ಣಿಗೆ ಒತ್ತಿಕೊಂಡು ಶೂಟ್ ಮಾಡ್ತಿದ್ದರು. ಕುಳಿಯೊಳಗೆ ಬೂದು ಬಣ್ಣದ ಬಂಡೆ, ಅಲ್ಲಲ್ಲಿ ಬಿಳಿ ಹೊಗೆ.

"ಬಾಮ್ಮ, ನೋಡು, ಇದೇ ಜ್ವಾಲಾಮುಖಿ" ಅಂದರು ಭಾವ. "ಅಷ್ಟಕ್ಕೆ ವ್ಯಾನ್ ಬೇಕಿತ್ತಾ?"

ಅತ್ತೆ ಕಂಬಿ ಹಿಡಿದು ಬಗ್ಗಿ ನೋಡಿದರು. "ಇದು ಹೊಗೆ ಕಣೋ. ಹೊಗೆ ನೋಡೋಕಾದರೆ ನಾನು ಸೌದೆ ಒಲೆ ಬಿಟ್ಟು ಇಲ್ಲಿಗೆ ಯಾಕೆ ಬರಲಿ?"

ಆ ಬೆಟ್ಟ ನೋಡಿಕೊಳ್ಳೋ ಪಾರ್ಕಿನವರನ್ನ ಕೇಳಿದೆ. ಕೆಳಗೆ ಸಮುದ್ರದ ಕಡೆ ಹೋಗೋ ರಸ್ತೆಯ ಕೊನೆಗೆ ಹೋಗಿ, ಈಗ ಲಾವಾ ರಸ್ತೆ ಹತ್ತಿರವೇ ಹರೀತಿದೆ ಅಂದರು. ಬಸ್ಸು ಅಲ್ಲಿಗೆ ಹೋಗಲ್ಲ. ವ್ಯಾನಿಗೆ ವಾಪಸ್ ಬಂದರೆ ಹಿಂದಿನ ಸೀಟಿನಲ್ಲಿ ಅಕ್ಕ ಕೂತಿದ್ದಾರೆ, ತೊಡೆ ಮೇಲೆ ನನ್ನ ಕೋಡುಬಳೆ ಡಬ್ಬಿ.

"ಬಸ್ಸಲ್ಲಿ ಮುಂದಿನದು ಮತ್ತೆ ಬೀಜದ ಅಂಗಡಿಯಂತೆ ಕಣೇ" ಅಂದರು. "ನಾನೂ ಬೆಂಕಿ ನೋಡ್ತೀನಿ."

"ಭಾವನಿಗೆ ಹೇಳಿದ್ರಾ ಅಕ್ಕ?"

"ಹೇಳಿದೆ. ಕ್ಯಾಮೆರಾ ಕಣ್ಣಿಂದ ತೆಗೀಲಿಲ್ಲ, ಹೂಂ ಅಂದರು. ಆ ಹೂಂ ಕೇಳಿಕೊಂಡೇ ಮಗಳ ಕಿವಿ ಚುಚ್ಚಿಸಿದೀನಿ, ಮನೆ ಬದಲಾಯಿಸಿದೀನಿ. ನೀನು ನಡಿ."

೫. ಬೆಂಕಿ

ರಸ್ತೆ ಕೊನೆಯಲ್ಲಿ ಕಪ್ಪು ಬಂಡೆ ಡಾಂಬರಿನ ಮೇಲೇ ಹರಿದು ಹೆಪ್ಪುಗಟ್ಟಿತ್ತು. ಅತ್ತೆಯ ಒಂದು ಕೈ ನಾನು, ಇನ್ನೊಂದು ಕೈ ಅಕ್ಕ ಹಿಡಿದು ನಿಧಾನವಾಗಿ ನಡೆಸಿದೆವು. ಮಂಡಿ ನೋವು ಅಂತ ಒಂದು ಸಲವೂ ಅನ್ನಲಿಲ್ಲ. ಪಾರ್ಕಿನವರು ಇಲ್ಲಿಗೆ ಸಾಕು ಅಂದಲ್ಲಿ ನಿಂತೆವು. ಮುಂದೆ ಬೆಂಕಿ. ಕೆಂಪಗೆ, ದಪ್ಪಗೆ, ಬೆಲ್ಲದ ಪಾಕದ ಹಾಗೆ ಬಂಡೆಯ ಬಿರುಕಿನಿಂದ ಹೊರಗೆ ಬರ್ತಿತ್ತು. ಶಾಖಕ್ಕೆ ಮುಖ ಉರಿಯಿತು.

ಅತ್ತೆ ಬಗ್ಗಿ ಶೂ ಬಿಚ್ಚೋಕೆ ಶುರು ಮಾಡಿದರು. ಅಗ್ನಿಯ ಮುಂದೆ ಚಪ್ಪಲಿ ಹಾಕಿಕೊಂಡು ನಿಲ್ಲೋದುಂಟೇ ಅಂತ. ಪಾರ್ಕಿನವನು ಗಾಬರಿಯಾಗಿ ಓಡಿ ಬಂದ. ನಾನು ಇಂಗ್ಲಿಷಿನಲ್ಲಿ ಅವನಿಗೆ ದೇವರು ಅಂತ ವಿವರಿಸ್ತಿದ್ದೀನಿ, ಕನ್ನಡದಲ್ಲಿ ಅತ್ತೆಗೆ ಕಾಲು ಸುಡುತ್ತೆ ಅಂತ ವಿವರಿಸ್ತಿದ್ದೀನಿ, ಇಬ್ಬರೂ ಕೇಳಲ್ಲ. ಕೊನೆಗೆ ನನ್ನ ಗಂಡ ಜೀವನದಲ್ಲಿ ಮೊದಲ ಸಲ ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದರು. ತಮ್ಮ ಜಾಕೆಟ್ ಬಿಚ್ಚಿ ಮಡಿಸಿ ಬಂಡೆ ಮೇಲೆ ಹಾಸಿದರು. ಅತ್ತೆ ಕಾಲುಚೀಲದಲ್ಲೇ ಅದರ ಮೇಲೆ ನಿಂತು ಕೈ ಮುಗಿದರು.

ಮುಗಿದ ಕೈ ಇಳಿಸಲೇ ಇಲ್ಲ. ಕಣ್ಣಲ್ಲಿ ನೀರು ಸುರೀತಿತ್ತು. ಈ ಒಂದು ಗಳಿಗೆಗೋಸ್ಕರ ಇನ್ನೂ ನಾಲ್ಕು ಜನ ಭಾವಂದಿರಿದ್ದರೂ ಅವರೆಲ್ಲರ ಹತ್ತಿರವೂ ಜಗಳ ಆಡ್ತಿದ್ದೆ.

"ಅಮ್ಮ, ಹೊತ್ತಾಯ್ತು, ಹಡಗು ಹೋಗಿಬಿಡುತ್ತೆ" ಅಂದರು ನನ್ನ ಗಂಡ.

ಅತ್ತೆ ತಿರುಗಿಯೂ ನೋಡಲಿಲ್ಲ. "ಹೋದರೆ ಹೋಗಲಿ ಬಿಡೋ. ಹಿಂದುಗಡೆ ಇನ್ನೊಂದು ಖಾಲಿ ಬರುತ್ತೆ."

೬. ಕಳೆದುಹೋದವಳು

ವಾಪಸ್ ಬರುವಾಗ ವ್ಯಾನಿನಲ್ಲಿ ಎಲ್ಲರ ಕಣ್ಣೂ ಗಡಿಯಾರದ ಮೇಲೇ. ಹಡಗು ಹೊರಡುವ ಹೊತ್ತು ಮೀರಿಹೋಗಿತ್ತು. ಭಾವನ ಮುಂದೆ ತಲೆ ತಗ್ಗಿಸೋದಕ್ಕಿಂತ ಈ ದ್ವೀಪದಲ್ಲೇ ಸಂಸಾರ ಹೂಡೋದು ವಾಸಿ ಅಂತ ನಾನು ಮನಸ್ಸಿನಲ್ಲೇ ಲೆಕ್ಕ ಹಾಕ್ತಿದ್ದೆ. ಬಂದರಿನ ತಿರುವು ದಾಟಿದರೆ ಹಡಗು ಅಲ್ಲೇ ಇದೆ, ಹತ್ತೋ ಮೆಟ್ಟಿಲೂ ತೆಗೆದಿಲ್ಲ.

"ನಿಮ್ಮ ಅದೃಷ್ಟ" ಅಂದ ಬಾಗಿಲಲ್ಲಿದ್ದವನು. "ನಮ್ಮ ಟೂರಿನ ಬಸ್ಸೊಂದು ಇನ್ನೂ ಬಂದಿಲ್ಲ, ಅದಕ್ಕೇ ನಿಂತಿದೀವಿ. ಒಬ್ಬ ಹೆಂಗಸು ಕುಳಿಯ ಹತ್ತಿರ ಕಾಣೆಯಾಗಿದ್ದಾಳಂತೆ. ಮಧ್ಯಾಹ್ನದಿಂದ ಹುಡುಕಿಸ್ತಿದ್ದಾರೆ."

ಅಕ್ಕ ಎದೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ದೇವರೇ, ಯಾರ ಮನೆ ಮಗಳೋ ಏನೋ."

ಭಾವನ ಬಸ್ಸು ಯಾವಾಗಲೋ ಬಂದಿರುತ್ತೆ, ಅವರು ರೂಮಿನಲ್ಲಿ ಮಲಗಿರ್ತಾರೆ ಅಂದುಕೊಂಡು ನಾವು ಮೇಲಿನ ಡೆಕ್ಕಿಗೆ ಹೋಗಿ ಕಾಫಿ ತಗೊಂಡೆವು. ಅಕ್ಕ ಕಾಫಿ ಮುಟ್ಟಲಿಲ್ಲ. ಕಣ್ಣು ಮುಚ್ಚಿ ಪೇರ್ಲ್ಯಾಂಡ್ ದೇವಸ್ಥಾನದ ದೇವಿಗೆ ಹರಕೆ ಹೊತ್ತರು. ಆ ಹೆಂಗಸು ಸುಖವಾಗಿ ಸಿಕ್ಕಿದರೆ ನಿನಗೆ ಸೀರೆ ಉಡಿಸ್ತೀನಿ ತಾಯಿ ಅಂತ. ಅತ್ತೆಯೂ ಕೈ ಮುಗಿದರು.

ಅಷ್ಟರಲ್ಲಿ ಬಸ್ಸು ಬಂತು. ಎಲ್ಲರೂ ಕಂಬಿಯ ಹತ್ತಿರ ಓಡಿದೆವು. ಸ್ಟಿಕ್ಕರ್ ಹಾಕಿಕೊಂಡವರು ಒಬ್ಬೊಬ್ಬರಾಗಿ ಇಳಿದರು. ಕೊನೆಗೆ ಇಬ್ಬರು ಪಾರ್ಕಿನವರ ನಡುವೆ ಭಾವ ಇಳಿದರು, ಕೂದಲೆಲ್ಲ ಕೆದರಿ, ಕೈಯಲ್ಲಿ ಅಕ್ಕನ ಸ್ವೆಟರ್ ಹಿಡಿದುಕೊಂಡು. ಆ ಸ್ವೆಟರ್ ಕಂಡಾಗ ನನಗೆ ಹೊಳೆಯಿತು. ಅಕ್ಕ ಮಾತ್ರ ಇಲ್ಲಿಂದಲೇ ಕೈ ಬೀಸಿದರು, "ರೀ, ಇಲ್ಲಿದೀವಿ" ಅಂತ.

ಭಾವ ತಲೆ ಎತ್ತಿ ನೋಡಿದರು. ನೋಡಿ, ಅಲ್ಲೇ ಬಂದರಿನ ನೆಲದ ಮೇಲೆ ಕುಕ್ಕರಿಸಿ ಕೂತುಬಿಟ್ಟರು. ಆ ಮುಖ ನೋಡಿ ನನ್ನ ಕರುಳು ಚುರುಕ್ ಅಂದಿದ್ದು ನಿಜ. ಆದರೆ ಕ್ಷಮೆ ನಾನು ಕೇಳಲಿಲ್ಲ, ಕೇಳೋದೂ ಇಲ್ಲ. ಹೂಂ ಅಂದವರು ಅವರು.

ಮೇಲೆ ಬಂದಾಗ ಅವರ ಗಂಟಲಿಂದ ಸ್ವರವೇ ಬರ್ತಿರಲಿಲ್ಲ. ಹೆಂಡತಿಯ ಹೆಸರು ಕೂಗಿ ಕೂಗಿ ಕಟ್ಟಿಹೋಗಿತ್ತು. ಅವರು ಬಾಯಿ ತೆಗೆಯೋ ಮೊದಲೇ ಅತ್ತೆ ಶುರು ಮಾಡಿದರು. "ಏನೋ ನಿನ್ನ ಕಥೆ? ಗೊತ್ತಿಲ್ಲದ ಊರಲ್ಲಿ ಹೆಂಡತೀನ ಬಿಟ್ಟು ಇಷ್ಟು ಹೊತ್ತು ಒಬ್ಬನೇ ಅಲೀತಾರೇನೋ? ಜವಾಬ್ದಾರಿ ಬೇಡ್ವಾ?"

ಭಾವ ತಾಯಿಯನ್ನ ನೋಡಿದರು, ನನ್ನ ನೋಡಿದರು, ಕುರ್ಚಿ ಎಳೆದುಕೊಂಡು ಕೂತರು. ಅಕ್ಕ ತಮ್ಮ ಕಾಫಿಯನ್ನ ಅವರ ಮುಂದೆ ಸರಿಸಿ, ಪಕ್ಕದಲ್ಲಿ ಕೂತು, ಮೆಲ್ಲಗೆ ಕೇಳಿದರು.

"ನಿಮ್ಮ ಬಸ್ಸಿನವಳೇ ಅಂತಲ್ಲ ರೀ ಆ ಕಳೆದುಹೋದವಳು? ಪಾಪ, ಸಿಕ್ಕಿದಳಾ?"

"ಸಿಕ್ಕಿದಳು" ಅಂದರು ಭಾವ.