ಬಿರುಕಿಗೆ ಹಚ್ಚಿದ ಅರಿಶಿನ

ಸಿಟ್ಟಿನಲ್ಲಿರುವವನ ನೆನಪನ್ನು ನಂಬಬಾರದು. ಈ ಪ್ರಸಂಗ ನೆನೆದಾಗಲೆಲ್ಲ ನನಗೆ ಧಾರಾಕಾರ ಮಳೆ ಕಾಣಿಸುತ್ತದೆ. ಹೊಸದುರ್ಗದಲ್ಲಿ ಆ ವರ್ಷ ಅಂಥ ಮಳೆ ಎಲ್ಲಿತ್ತು? ಸುರಿದದ್ದು ನಮ್ಮ ತಾರಸಿಯ ಹಳೇ ಸಿಮೆಂಟು ತೊಟ್ಟಿ. ಅದರ ಗೋಡೆ ಬಿರುಕು ಬಿಟ್ಟು, ನೀರು ಗವಾಕ್ಷಿಯಿಂದ ಇಳಿದು ನೇರ ಒಲೆಯ ಮೇಲೆ ಬೀಳುತ್ತಿತ್ತು. ಎರಡು ಸಾವಿರನೇ ಇಸವಿ ದಾಟಿದ ಮೇಲಿನ ಮಾತು. ನಮ್ಮ ಬೋರ್‌ವೆಲ್ ನೀರು ನಲ್ಲಿಗೆ, ಹಂಡೆಗೆ, ಚೊಂಬಿಗೆಲ್ಲ ಬೆಳ್ಳಗೆ ಸುಣ್ಣ ಕಟ್ಟುತ್ತದೆ. ಬೇಡದ್ದನ್ನೆಲ್ಲ ಮುಚ್ಚುವ ಆ ದರಿದ್ರ ನೀರು ಬಿರುಕನ್ನು ಮಾತ್ರ ಮುಚ್ಚದು! "ಒಡೆದಾಕಿ ಪ್ಲಾಸ್ಟಿಕ್ಕಿಂದು ತರ್ರಿ" ಎಂದಳು ಹೆಂಡತಿ. ನನಗೆ ಹಟ. ನಾನೇ ನಿಂತು ಕಟ್ಟಿಸಿದ ತೊಟ್ಟಿ, ಉಳಿಸಿಯೇ ತೀರುತ್ತೇನೆ ಎಂದೆ.

ಆಗ ಕ್ಯಾನು ಹಿಡಿದು ಬಂದವನು ಅವಳ ತಮ್ಮ, ಕಾಲೇಜಿನ ಜೀವಶಾಸ್ತ್ರದ ಮೇಷ್ಟ್ರು. "ಭಾವ, ಇದರಾಗೆ ಬ್ಯಾಕ್ಟೀರಿಯಾ ಅವೆ. ಬಿರುಕಿನಾಗೆ ಕುಂತು ಸುಣ್ಣ ಮಾಡ್ತಾವೆ. ಮುರಿದ ಮೂಳೆ ಕೂಡಿದಂಗೆ ಸಿಮೆಂಟೂ ಕೂಡ್ಕಂತೈತೆ."

"ಸುಣ್ಣ ಹೇಲ್ತಾವೆ ಅನ್ನಪ್ಪ, ನಾಚಿಕೆ ಯಾಕೆ?" ಎಂದೆ.

ತೊಟ್ಟಿ ಬರಿದು ಮಾಡಿಸಿ, ಕ್ಯಾನಿನಲ್ಲಿದ್ದದ್ದನ್ನು ಬಿರುಕಿಗೆ ಬಳಿದ. "ಜೀವ ಇರೋವು. ತೇವ ಆರಬಾರದು, ಯಾರೂ ಮುಟ್ಟಬ್ಯಾಡ್ರಿ" ಎಂದು ಹೋದ. ನಾವು ಕೊಡದಲ್ಲಿ ನೀರು ಹೊತ್ತೆವು.

ಕೆಲವು ವಾರ ಕಳೆದು ಹತ್ತಿ ನೋಡಿದರೆ ಬಿರುಕಿನುದ್ದಕ್ಕೂ ಅರಿಶಿನ, ನಡುವೆ ಕುಂಕುಮದ ಬೊಟ್ಟು!

"ಇದೇನೇ ಇದು?"

"ಜೀವ ಇರೋವು ಅಂದನಲ್ಲ. ಹೊಸ ಎತ್ತು ತಂದ್ರೆ ಅರಿಶಿನ ಹಚ್ಚಲ್ವಾ?"

"ಅರಿಶಿನ ಕ್ರಿಮಿ ಕೊಲ್ತೈತೆ ಕಣೇ! ಅದಕ್ಕೇ ಗಾಯಕ್ಕೆ ಹಚ್ಚೋದು!"

"ಗಾಯ ಕೂಡ್ಲಿ ಅಂತ ಹಚ್ಚೋದು. ಇದಕ್ಕೂ ಅಷ್ಟೇ."

ಕೂಗಾಡಿದೆ. ಸಾಯದೆ ಉಳಿದ ನಾಲ್ಕಾದರೂ ಉಸಿರಾಡಲಿ ಎಂದು ತಂತಿ ಬ್ರಷ್ಷಿನಿಂದ ಉಜ್ಜಿದೆ. ಅರಿಶಿನ ಹೋಗಲಿಲ್ಲ. ಉಳಿ ತಂದೆ. ಹೆಂಡತಿಯನ್ನು, ಭಾವಮೈದನನ್ನು, ಲೋಕದಲ್ಲಿ ಮೊದಲು ಅರಿಶಿನ ಅರೆದವಳನ್ನು ಬೈಯುತ್ತ ಕೆರೆದೆ. ಒಂದು ಬೈಗುಳಕ್ಕೆ ಪೆಟ್ಟು ಜೋರಾಯಿತು. ಅಂಗೈಯಗಲದ ಹೆಂಟೆ ಕಿತ್ತು ಬಂತು. ತೂತಿನಾಚೆ ಪಕ್ಕದ ಮನೆಯ ಬಟ್ಟೆಗಳು ಒಣಗುತ್ತಿದ್ದವು.

ಭಾನುವಾರ ಭಾವಮೈದ ಹೆಂಟೆಯನ್ನು ತಿರುಗಿಸಿ ನೋಡಿದ. "ಭಾವ, ಒಳಗೆಲ್ಲ ಬೆಳ್ಳಗೆ ಕೂಡ್ಕಂಡಿತ್ತಲ್ರೀ! ನೋಡಿದ್ರಾ ಬ್ಯಾಕ್ಟೀರಿಯಾ?"

"ಲೇ, ಅದು ಅರಿಶಿನದ್ದು ಕಣೋ" ಎಂದಳು ಅವನ ಅಕ್ಕ.

ಅಕ್ಕ ತಮ್ಮ ಕಿತ್ತಾಡಿದರು. ಕೂಡಿಸಿದ್ದು ಯಾರೆಂದು ಕೊನೆಗೂ ತೀರ್ಮಾನವಾಗಲಿಲ್ಲ. ಒಡೆದದ್ದು ಯಾರೆಂಬುದಕ್ಕೆ ಚರ್ಚೆಯೇ ಬೇಕಾಗಲಿಲ್ಲ. ಕಪ್ಪು ಪ್ಲಾಸ್ಟಿಕ್ ತೊಟ್ಟಿ ಬಂತು. ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ. ಯಾರ ಮೇಲೆ ತೀರಿಸಿಕೊಳ್ಳೋಣವೆಂದು ಮನೆಯೆಲ್ಲ ಹುಡುಕುತ್ತೇನೆ. ಪ್ರತಿ ಸಲವೂ ಒಬ್ಬನೇ ಸಿಗುತ್ತಾನೆ.