ಹಗುರ ವೀಲಿನ ಭಾರ

ಮನೆಯಲ್ಲಿ ಆಡಬಾರದ ಮಾತುಗಳು ಕೆಲವಿವೆ ಎಂದು ನಮ್ಮ ಅತ್ತೆಯವರು ಆಗಾಗ ಹೇಳುತ್ತಿರುತ್ತಾರೆ. ಸಾವಿನ ಮಾತು, ತವರಿನ ಹೆಚ್ಚುಗಾರಿಕೆಯ ಮಾತು, ಊಟದ ಹೊತ್ತಿಗೆ ಜಮೀನಿನ ಮಾತು. ಆ ಸಾಲಿಗೆ ಅವರು ಭೌತಶಾಸ್ತ್ರವನ್ನು ಸೇರಿಸಿಲ್ಲ. ಸೇರಿಸಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ನಾನು ಚಿತ್ರದುರ್ಗದ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು. ಅಲ್ಲಿ ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲವಾದ್ದರಿಂದ ಇದುವರೆಗೆ ಯಾವ ಅನಾಹುತವೂ ಆಗಿಲ್ಲ. ಮನೆಯಲ್ಲಿ ಮಾತ್ರ ಒಂದು ಸಲ, ಅದೂ ಅವರೆಕಾಯಿ ಬಿಡಿಸುತ್ತ, ಮೈಮೇಲೆ ಎಚ್ಚರವಿಲ್ಲದೆ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟುಬಿಟ್ಟೆ. ನಮ್ಮ ಯಜಮಾನರು ಅದನ್ನು ಕಿವಿಗೆ ಹಾಕಿಕೊಂಡರು.

ಯಜಮಾನರು, ರುದ್ರೇಶಪ್ಪನವರು, ಲಾರಿ ಇಟ್ಟವರು. ಅದಿರು, ಸಿಮೆಂಟು, ಕಡಲೆಕಾಯಿ ಮೂಟೆ, ಹೀಗೆ ಹೊತ್ತರೆ ಬೆನ್ನು ಬಾಗುವಂಥದ್ದನ್ನೇ ಸಾಗಿಸುತ್ತ ಅರ್ಧ ಆಯಸ್ಸು ಕಳೆದ ಮನುಷ್ಯ. ತಲೆ ನರೆತ ಮೇಲೆ ಅವರಿಗೆ ಹಗುರವಾದದ್ದರ ಮೇಲೆ ಆಸೆ ಹುಟ್ಟಿತು. ಹೆಂಡತಿಯ ವಿಷಯದಲ್ಲಿ ಅದು ಕೈಮೀರಿದ್ದರಿಂದ ಕಾರಿನ ಕಡೆ ತಿರುಗಿದರು. ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಪರದೇಶದ ಸ್ಪೋರ್ಟ್ಸ್ ಕಾರು ಬಂತು. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಅತ್ತೆಯವರು ಅದರಲ್ಲಿ ಒಂದೇ ಸಲ ಕೂತರು. ಇಳಿಸಲು ಪಕ್ಕದ ಮನೆಯವರನ್ನು ಕರೆಯಬೇಕಾಯಿತು.

ಕಾರು ಚೆನ್ನಾಗಿಯೇ ಇತ್ತು. ಚೆನ್ನಾಗಿರುವುದನ್ನು ಹಾಗೇ ಇರಗೊಡುವ ಅಭ್ಯಾಸ ನಮ್ಮ ಯಜಮಾನರಿಗಿಲ್ಲ, ಅದೇ ತೊಂದರೆ. ಅವತ್ತು ಅವರೆಕಾಯಿಯ ಮೊರದ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತು, "ಗಿರಿಜಾ, ಕಂಪನಿ ವೀಲ್ ತೆಗೆದು ಹಗುರಾದ ವೀಲ್ ಹಾಕಿದ್ರೆ ಗಾಡಿ ಚೆಂದ ತಿರುಗ್ತೈತೆ ಅಂತಾರಲ್ಲ, ನಿಮ್ಮ ಪುಸ್ತಕದಾಗೆ ಏನೈತೆ?" ಎಂದರು.

"ಹೌದ್ರಿ. ಸ್ಪ್ರಿಂಗಿನ ಕೆಳಗಿನ ಭಾರ ಕಮ್ಮಿ ಆದ್ರೆ ಚಕ್ರ ರಸ್ತೆ ಬಿಟ್ಟು ಏಳಲ್ಲ. ತಿರುಗಿಸಿದ ಕಡೆ ಬೇಗ ತಿರುಗ್ತೈತೆ" ಎಂದೆ.

ತರಗತಿಯಲ್ಲಿ ಪ್ರತಿ ಲೆಕ್ಕಕ್ಕೂ ಮೊದಲು 'ಘರ್ಷಣೆ ಇಲ್ಲವೆಂದು ಭಾವಿಸಿ' ಎಂದು ತಪ್ಪದೆ ಬರೆಸುವವಳು ನಾನು. ಅವತ್ತು 'ಹಂಪುಗಳಿಲ್ಲವೆಂದು ಭಾವಿಸಿ, ಗುಂಡಿಗಳಿಲ್ಲವೆಂದು ಭಾವಿಸಿ' ಎಂದು ಸೇರಿಸಲು ಮರೆತೆ. ಸ್ವಲ್ಪ ದಿನಕ್ಕೆ ಹೊಸ ವೀಲುಗಳು ಬಂದವು. ಯಜಮಾನರು ಅತ್ತೆಯವರಿಂದ ಹಿಡಿದು ಹಾಲಿನವನವರೆಗೆ ಎಲ್ಲರ ಕೈಗೂ ಮೊದಲು ಹಳೆಯದನ್ನು, ಆಮೇಲೆ ಹೊಸದನ್ನು ಕೊಟ್ಟು ಎತ್ತಿಸಿದರು. ಎಲ್ಲರೂ ತಲೆದೂಗಿದರು, ಹಾಲಿನವನು ಮಾತ್ರ, "ಹಗುರಾಗೇನೋ ಐತೆ ಸಾರ್, ಗಟ್ಟಿ ಐತಾ?" ಎಂದು ಕೇಳಿ ಅಪ್ರಿಯನಾದ. ಹಳೆಯ ವೀಲುಗಳು ನಡುಮನೆಗೆ ಬಂದು ಸೋಫಾದ ಪಕ್ಕದಲ್ಲಿ ನೆಂಟರ ಹಾಗೆ ಕೂತವು. ಅತ್ತೆಯವರು ಅವುಗಳ ಮೇಲೆ ಹಳೇ ಸೀರೆ ಹಾಸಿ, ಫ್ಯಾನಿನ ಗಾಳಿಗೆ ಸಂಡಿಗೆ ಆರಹಾಕತೊಡಗಿದರು.

ಅಲ್ಲಿಂದ ನನ್ನ ಪರೀಕ್ಷೆ ಶುರುವಾಯಿತು. ಗಾಡಿ ಚೆಂದ ತಿರುಗುತ್ತದೋ ಇಲ್ಲವೋ ನೋಡಲು ಮೊದಲು ತಿರುಗುವ ಜಾಗ ಬೇಕು. ಊರೊಳಗೆ ಆಟೋಗಳು ಬಿಟ್ಟಷ್ಟೇ ದಾರಿ; ಹೈವೇಗೆ ಹೋದರೆ ನೆಟ್ಟಗೆ. ಹಾಗಾಗಿ ಜೋಗಿಮಟ್ಟಿ ಬೆಟ್ಟದ ದಾರಿಯೇ ಗತಿ. ಭಾನುವಾರ ಬೆಳಿಗ್ಗೆ ತಿಂಡಿ ಆಗುತ್ತಲೇ ನನ್ನನ್ನು ಕೂರಿಸಿಕೊಂಡು ಹೊರಟರು. ತಿರುವು ಬಂದಾಗ ಸ್ಟೀರಿಂಗ್ ಎಳೆದು, ರಸ್ತೆಯನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತ, "ಗೊತ್ತಾತಾ?" ಎಂದರು. ನನಗೆ ಗೊತ್ತಾದದ್ದು ಹೊಟ್ಟೆಯಲ್ಲಿದ್ದ ದೋಸೆ ಮಾತ್ರ. ಮುಂದಿನ ತಿರುವಿನಲ್ಲಿ ಇನ್ನೂ ಜೋರಾಗಿ ಎಳೆದು, "ಈಗ?" ಎಂದರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಇಳಿಜಾರು. ಮನುಷ್ಯ ಮುಂದೆ ನೋಡಲಿ ಎಂಬ ಒಂದೇ ಆಸೆಗೆ, "ಹೂಂ ರೀ, ಗೊತ್ತಾತು, ಭಾಳ ಗೊತ್ತಾತು" ಎಂದೆ. ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ನನ್ನನ್ನು ನೋಡಲು ಬಂದ ದಿನವೂ ಅಷ್ಟು ಅರಳಿರಲಿಲ್ಲ. ಆಮೇಲೆ ಪೆಟ್ರೋಲ್ ಬಂಕಿನಲ್ಲಿ, ಟಯರ್ ಅಂಗಡಿಯಲ್ಲಿ, ಮಠದ ದಾಸೋಹದ ಸಾಲಿನಲ್ಲಿ ಕೂಡ, "ನಮ್ಮನೆಯಾಕೆ ಫಿಸಿಕ್ಸ್ ಲೆಕ್ಚರರು. ಕೂತ ತಕ್ಷಣ ವ್ಯತ್ಯಾಸ ಹೇಳಿದ್ಲು" ಎಂದು ಸಾರುತ್ತ ಬಂದರು.

ಇಷ್ಟಕ್ಕೇ ಮುಗಿದಿದ್ದರೆ ಈ ಗೋಳು ನಿಮ್ಮ ಮುಂದೆ ತೋಡಿಕೊಳ್ಳುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿರುವ ನನ್ನ ಅಕ್ಕ ಸಾವಿತ್ರಕ್ಕ ಸೊಂಟದ ನೋವಿಗೆ ದುರ್ಗದ ಡಾಕ್ಟರೊಬ್ಬರನ್ನು ನೋಡಲು ಹೊರಟಳು. ಅವಳ ರೈಲು ಚಿಕ್ಕಜಾಜೂರಿಗೆ ಬರುತ್ತದೆ, ಕರೆತರಬೇಕು. ಮನೆಯ ಜೀಪು ತಗೊಂಡು ಹೋಗೋಣ ಎಂದೆ. ಯಜಮಾನರು ಬಿಲ್‌ಕುಲ್ ಒಪ್ಪಲಿಲ್ಲ. "ಸೊಂಟ ನೋವಿನೋರಿಗೆ ಹೇಳಿ ಮಾಡಿಸಿದಂಗೈತೆ ಈ ಕಾರು. ಇದ್ರಾಗೇ ಹೋಗಾಣ" ಎಂದರು. ಹೋಗುವಾಗ ಇಬ್ಬರು, ಬರುವಾಗ ಮೂವರು, ಸೀಟು ಎರಡು. ಭೌತಶಾಸ್ತ್ರವಲ್ಲದಿದ್ದರೂ ಇದು ನನಗೆ ಅರ್ಥವಾಗುವ ಲೆಕ್ಕವಾಗಿತ್ತು. ಸ್ಟೇಷನ್ ಮುಂದೆ ಅಕ್ಕನನ್ನು ಮೆಲ್ಲಗೆ ಮಡಚಿ ಕಾರಿನೊಳಗೆ ಇಳಿಸಿದೆವು. ಅವಳ ಚೀಲಗಳ ಜೊತೆ ನಾನು ಬಸ್ಸು ಹತ್ತಿದೆ.

ಬಸ್ಸು ಹೊಳಲ್ಕೆರೆ ಕಡೆಗೆ ಬರುತ್ತಿದ್ದಾಗ ಒಂದು ಕಡೆ ರಸ್ತೆ ತುಂಬ ಕುರಿ. ಕಿಟಕಿಯಿಂದ ಬಗ್ಗಿ ನೋಡಿದರೆ ಕುರಿಗಳ ನಡುವೆ ನಮ್ಮ ಕಾರು, ಮೂತಿ ಗುಂಡಿಯಲ್ಲಿ. ಪಕ್ಕದಲ್ಲಿ ಯಜಮಾನರು ತಲೆಯ ಮೇಲೆ ಕೈ ಹೊತ್ತು ನಿಂತಿದ್ದಾರೆ. ಹುಣಸೆ ಮರದ ಕೆಳಗೆ ಕಂಬಳಿಯ ಮೇಲೆ ನನ್ನ ಅಕ್ಕ ಅಂಗಾತ ಮಲಗಿದ್ದಾಳೆ. ನಾನು ಕಿರುಚಿದ ರೀತಿಗೆ ಡ್ರೈವರ್ ಬಸ್ಸು ನಿಲ್ಲಿಸಿದ.

"ಸತ್ತಿಲ್ಲ ಕಣೇ, ಹೆದರಬ್ಯಾಡ" ಎಂದಳು ಅಕ್ಕ, ಮಲಗಿದಲ್ಲಿಂದಲೇ. "ನಿನ್ನ ಗಂಡ ನನ್ನ ಮುಖ ನೋಡ್ಕಂತ ಗೊತ್ತಾತಾ, ಗೊತ್ತಾತಾ ಅಂತಿದ್ದ. ಅಷ್ಟೊತ್ತಿಗೆ ಕುರಿ ಬಂದವು."

ಕುರಿಗಳನ್ನು ತಪ್ಪಿಸಲು ಹೋಗಿ ಗಾಡಿ ಟಾರಿನ ಅಂಚು ಇಳಿದು ಗುಂಡಿಗೆ ಬಿದ್ದಿತ್ತು. ಗಾಡಿ ತಿರುಗಿದ್ದು ಚೆಂದವಾಗಿಯೇ ಅಂತೆ. ಆದರೆ ಹಗುರ ವೀಲಿನ ಅಂಚು ಕಡಿದ ರೊಟ್ಟಿಯ ಹಾಗೆ ಮುರಿದುಹೋಗಿತ್ತು. ಇಂಥ ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲವೆಂದು ನನಗೆ ಅವತ್ತೇ ತಿಳಿದದ್ದು. ಅದು ಭಾರವಾಗುತ್ತದಂತೆ. ಅದರ ಬದಲು ಪಂಕ್ಚರ್ ಮುಚ್ಚಲು ಒಂದು ಡಬ್ಬಿ ಅಂಟು ಕೊಟ್ಟಿರುತ್ತಾರೆ. ಕುರಿ ಹಿಂಡಿನ ಒಡೆಯ, ಬಿಳಿ ಮೀಸೆಯ ಮುದುಕ, ನನ್ನನ್ನು ಕಂಡು "ಬರ್ರಿ ಅಮ್ಮಾ, ಕುಂತ್ಕಳ್ರಿ, ನೆಳ್ಳೈತೆ" ಎಂದು ಉಪಚಾರ ಮಾಡಿ, ಆಮೇಲೆ ಇವರ ಕಡೆ ತಿರುಗಿ ನಿಜವಾದ ಕನಿಕರದಿಂದ, "ಇಷ್ಟು ಗಿಡ್ಡ ಗಾಡಿ ಯಾಕ್ ತಗಂಡ್ರಿ ಸ್ವಾಮಿ? ನಮ್ ಕುರಿ ಇದನ್ನ ಕುರಿ ಅಂತ್ಲೇ ತಿಳಕಂಡ್ವು" ಎಂದ.

ಕೊನೆಗೆ ಅಲ್ಲೇ ಹತ್ತಿರದಲ್ಲಿ ಬರುತ್ತಿದ್ದ ನಮ್ಮದೇ ಲಾರಿಯೊಂದನ್ನು ಕರೆಸಿದ್ದಾಯಿತು. ಅದರ ಹಿಂಬದಿಯನ್ನು ಮಣ್ಣಿನ ದಿಬ್ಬಕ್ಕೆ ತಾಗಿಸಿ, ಹಲಗೆ ಹಾಕಿ, ಬಸ್ಸಿನವರೂ ಕುರಿಯವರೂ ಸೇರಿ ಕಾರನ್ನು ಮೇಲಕ್ಕೆ ದಬ್ಬಿದರು. ಬ್ರೇಕ್ ತುಳಿದು ಹಿಡಿಯಲು ಒಬ್ಬರು ಕಾರಿನೊಳಗೇ ಇರಬೇಕಿತ್ತು. ಯಜಮಾನರು ಕೂತರು. ಹಾಗೆ ಅದಿರು ಸಾಗಿಸುವ ಲಾರಿಯ ಮೇಲೆ, ಸ್ಟೀರಿಂಗ್ ಹಿಡಿದು ನೆಟ್ಟಗೆ ಮುಂದೆ ನೋಡುತ್ತ, ಅವರು ಹೊಳಲ್ಕೆರೆಯ ಪೇಟೆಬೀದಿಯಲ್ಲಿ ಸಾಗಿದರು. ಜನ ಅಂಗಡಿ ಬಿಟ್ಟು ಹೊರಗೆ ಬಂದರು. ನಾನು ಡ್ರೈವರ್ ಪಕ್ಕದಲ್ಲಿ ಸೆರಗಿನಲ್ಲಿ ಮುಖ ಹುದುಗಿಸಿಕೊಂಡಿದ್ದೆ. ಅಕ್ಕ ಮಾತ್ರ ಎತ್ತರದ ಸೀಟಿನಲ್ಲಿ ಆರಾಮಾಗಿ ಒರಗಿ, "ಇದು ಭಾಳ ಚೆಂದೈತೆ ಕಣೇ. ಬರುವಾಗ್ಲೇ ಇದನ್ನ ತರಬಾರದಿತ್ತಾ?" ಎಂದಳು.

ಆಮೇಲಿನ ದಿನಗಳು ಕಷ್ಟದವು. ಮುರಿದ ವೀಲು ರಿಪೇರಿಯಾಗುವಂಥದ್ದಲ್ಲ ಎಂದರು. ಯಜಮಾನರು ಊಟಕ್ಕೆ ಕೂತರೆ ಅನ್ನ ಕಲಸುತ್ತಲೇ ಇರುತ್ತಿದ್ದರು. ಸಿಟ್ಟು ಮಾಡಿದ್ದರೆ ನಾನೂ ತಿರುಗಿ ಅನ್ನಬಹುದಿತ್ತು. ಆ ಮನುಷ್ಯ ಬರೀ ಮಂಕಾದರು. ಒಂದು ಸಂಜೆ ಜಗುಲಿಯ ಮೇಲೆ ಕೂತಿದ್ದಾಗ ತಾವಾಗಿಯೇ ಕೇಳಿದರು.

"ಗಿರಿಜಾ, ನಿಜ ಹೇಳು. ಅವತ್ತು ನಿಂಗೆ ವ್ಯತ್ಯಾಸ ಗೊತ್ತಾಗಿತ್ತಾ?"

ಇನ್ನು ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. "ಇಲ್ಲ ರೀ" ಎಂದೆ.

"ನಂಗೂ ಗೊತ್ತಾಗಿರ್ಲಿಲ್ಲ" ಎಂದರು. "ಲಾರಿ ಹೊಡೆದ ಕೈ ನಂದು, ಮರಗಟ್ಟೈತೆ. ಓದ್ದೋಳು, ನಿಂಗಾದ್ರೂ ಗೊತ್ತಾತಲ್ಲ ಅಂತ ಸಮಾಧಾನ ಆಗಿತ್ತು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ 'ಹೂಂ' ಅನ್ನು ಅವರು, ಅವರ 'ಗೊತ್ತಾತಾ'ವನ್ನು ನಾನು ನಂಬಿಕೊಂಡು ಅಷ್ಟು ದಿನ ಸುಖವಾಗಿದ್ದೆವು. ಮಾರನೆಯ ದಿನವೇ ಅವರು ಉಳಿದ ವೀಲುಗಳನ್ನು ಗುಜರಿಗೆ ಹಾಕಿ, ಅತ್ತೆಯವರ ಸಂಡಿಗೆಯನ್ನು ಮಂಚಕ್ಕೆ ವರ್ಗಾಯಿಸಿ, ಹಳೆಯ ಭಾರದ ವೀಲುಗಳನ್ನು ಕಾರಿಗೆ ಹಾಕಿಸಿದರು.

ಮುಂದಿನ ಭಾನುವಾರ, "ಬಾ, ಹಂಗೇ ಒಂದು ಸುತ್ತು ಹೋಗಿ ಬರಾಣ" ಎಂದರು. ಜೋಗಿಮಟ್ಟಿಯ ಮೊದಲ ತಿರುವಿನಲ್ಲೇ ನನಗೆ ಗೊತ್ತಾಯಿತು. ಕಾರು ತಿರುಗಲು ಒಂದು ಗಳಿಗೆ ಯೋಚಿಸಿತು. ಮೊದಲ ಬೆಂಚಿನಲ್ಲಿದ್ದ ಹುಡುಗನನ್ನು ಎಬ್ಬಿಸಿ ಕೊನೆಯ ಬೆಂಚಿನವನನ್ನು ಕೂರಿಸಿದ ಹಾಗೆ, ಹೇಳಿದ್ದನ್ನು ಎರಡು ಸಲ ಹೇಳಿಸಿಕೊಂಡು ಮಾಡುತ್ತಿತ್ತು. ಎರಡನೆಯ ತಿರುವಿನಲ್ಲಿ ಸಂಶಯವೇ ಉಳಿಯಲಿಲ್ಲ. ಪುಸ್ತಕದಲ್ಲಿದ್ದದ್ದು ನಿಜ, ನಾನು ಹೇಳಿದ್ದು ನಿಜ, ಗುಜರಿಗೆ ಹೋದದ್ದರಲ್ಲಿ ಏನೋ ಇತ್ತು. ಇಡೀ ಚಿತ್ರದುರ್ಗದಲ್ಲಿ ಅದು ಗೊತ್ತಿರುವವಳು ಈಗ ನಾನೊಬ್ಬಳೇ.

ಯಜಮಾನರು ಎಷ್ಟೋ ದಿನದ ಮೇಲೆ ನಿರಾಳವಾಗಿ ಉಸಿರು ಬಿಟ್ಟು, "ನೋಡ್ದಾ? ಏನೂ ವ್ಯತ್ಯಾಸ ಇಲ್ಲ. ಸುಮ್ನೆ ನಂದೊಂದು ಹುಚ್ಚು" ಎಂದರು.

"ಏನೂ ಇಲ್ಲ ಬಿಡ್ರಿ" ಎಂದೆ, ಮತ್ತು ಮುಂದಿನ ತಿರುವು ಬರುವ ಮೊದಲೇ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ.